ಇಲಿಯ ಹೊಟ್ಟೆಯೊಳಗಿನ ಕೆಂಪು ಗಂಟು

(ಚಿಕ್ಕಬಳ್ಳಾಪುರದಲ್ಲಿ ಫಾರ್ಮಸಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರೆದುಕೊಂಡು ಸ್ವಲ್ಪ ತಿದ್ದಿದ್ದೇನೆ.)

ಔಷಧಿ ಪರೀಕ್ಷೆಗೆ ಬಳಸುವ ಇಲಿಯ ಬಗ್ಗೆ, ಅದಕ್ಕೆ ಬಂದ ಗಡ್ಡೆ ನಮಗೂ ಬರುತ್ತದಾ ಅನ್ನುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಹುಳದಿಂದ ಶುರು ಮಾಡುತ್ತೇನೆ. ಶಿಡ್ಲಘಟ್ಟದ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ನಮ್ಮದೂ ರೇಷ್ಮೆ ಮನೆಯೇ. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಕಳೆದು ಎದ್ದಿತು ಅಂದರೆ ನಮ್ಮಜ್ಜಿಯ ಕಾನೂನು ಜಾರಿಗೆ ಬರುತ್ತಿತ್ತು. ಬೀಡಿ ಸೇದಿದವರು ಹುಳದ ಮನೆಯ ಹೊಸಿಲು ತುಳಿಯುವಂತಿಲ್ಲ. ತಾತನೂ ಅಷ್ಟೇ, ಕೈ ತೊಳೆದು, ಪಂಚೆ ಬದಲಾಯಿಸಿ, ಆಮೇಲೆ ಒಳಗೆ. ಹೊಗೆಸೊಪ್ಪಿನ ಕೈಯಲ್ಲಿ ಎಲೆ ಹಾಕಿದರೆ ಹುಳ ಉಳಿಯಲ್ಲ ಅಂತ ಅಜ್ಜಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಒಂದು ಸಲ ಪಕ್ಕದ ಹೊಲದ ಚೆಂಡುಹೂವಿಗೆ ಔಷಧಿ ಹೊಡೆದರು. ಗಾಳಿ ನಮ್ಮ ಹಿಪ್ಪುನೇರಳೆ ತೋಟದ ಕಡೆಗಿತ್ತು. ಅದು ಗೊತ್ತಿಲ್ಲದೆ ಬೆಳಿಗ್ಗೆ ಸೊಪ್ಪು ಕೊಯ್ದು ಹಾಕಿದೆವು. ಸಂಜೆಗೆ ಹುಳಗಳೆಲ್ಲ ತಲೆ ಆಡಿಸುತ್ತಾ, ಬಾಯಿಂದ ಹಸಿರು ನೀರು ಬಿಡುತ್ತಾ ಮುದುಡಿಕೊಂಡವು. ಗೂಡು ಕಟ್ಟಲು ಚಂದ್ರಿಕೆ ಏರಬೇಕಾಗಿದ್ದ ಹುಳ ತಿಪ್ಪೆ ಸೇರಿತು. ಆದರೆ ಹುಳ ತಿಂದು ಬಿಟ್ಟ ಅದೇ ಸೊಪ್ಪಿನ ಕಡ್ಡಿಯನ್ನು ನಮ್ಮ ಮೇಕೆಗಳು ಮೆಂದಿದ್ದವು. ಅವಕ್ಕೆ ಏನೂ ಆಗಲಿಲ್ಲ! ಮಾರನೆಯ ದಿನ ಎಂದಿನಂತೆ ಬೇಲಿ ಹಾರಿ ಬೈಸಿಕೊಂಡವು.

ಒಂದೇ ಎಲೆ, ಒಂದೇ ಔಷಧಿ. ಹುಳಕ್ಕೆ ಸಾವು, ಮೇಕೆಗೆ ಮೇವು. ನಾನು ಆಮೇಲೆ ಪಶುವೈದ್ಯ ಓದಿ, ರೋಗಶಾಸ್ತ್ರ ಹಿಡಿದು, ಬೆಂಗಳೂರಿನ ಕಡೆ ಔಷಧಿಗಳ ಸುರಕ್ಷತೆ ನೋಡುವ ಒಂದು ಲ್ಯಾಬಿನಲ್ಲಿ ವರ್ಷಗಟ್ಟಲೆ ಇಲಿಯ ಅಂಗಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಲ್ಲಿ ಎದುರಾದ ಪ್ರಶ್ನೆಯೂ ಇದೇ. ಈ ಪ್ರಾಣಿಗೆ ಆದದ್ದು ಇನ್ನೊಂದಕ್ಕೂ ಆಗುತ್ತದೆಯಾ?

ಇದು ಉಲ್ಟಾ ಹೊಡೆದ ಕಥೆಯೂ ನಮ್ಮ ದೇಶದಲ್ಲೇ ಇದೆ. ಮೈಕೈ ನೋವಿಗೆ ನಾವು ನುಂಗುವ ಡೈಕ್ಲೋಫೆನಾಕ್ ಗೊತ್ತಲ್ವಾ? ದನಗಳಿಗೂ ಕೊಡುತ್ತಿದ್ದರು, ದನಕ್ಕೆ ಒಗ್ಗುತ್ತಿತ್ತು. ಆದರೆ ಆ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಒಳಗೆಲ್ಲ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ ಕೂತು ಸತ್ತವು. ಒಂದು ಕಾಲಕ್ಕೆ ಆಕಾಶದ ತುಂಬ ಇದ್ದ ಹಕ್ಕಿ ಅಳಿವಿನ ಅಂಚಿಗೆ ಬಂತು. ಕಾರಣ ಗೊತ್ತಾಗಿದ್ದು 2004ರಲ್ಲಿ, ದನಗಳಿಗೆ ಅದನ್ನು ನಿಲ್ಲಿಸಿದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದರೆ ಉಳಿದ ಕೆಲವು ಹದ್ದುಗಳನ್ನು ಇವತ್ತಿಗೂ ಹುಡುಕಬೇಕು. ದನಕ್ಕೂ ಮನುಷ್ಯನಿಗೂ ಒಗ್ಗಿದ್ದು ಹದ್ದಿಗೆ ವಿಷವಾದೀತು ಅಂತ ಯಾರೂ ಮೊದಲೇ ಕೇಳಿರಲಿಲ್ಲ.

ಈಗ ಇಲಿಗೆ ಬರೋಣ. ನಾನು ಹೇಳುವ ಇಲಿ ನಿಮ್ಮ ಕಣಜದ್ದಲ್ಲ, ಹೆಗ್ಗಣವೂ ಅಲ್ಲ. ಬಿಳಿ ಮೈ, ಕೆಂಪು ಕಣ್ಣಿನ ವಿಸ್ಟರ್ ಅನ್ನುವ ತಳಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1906ರ ಸುಮಾರಿಗೆ ಶುರುವಾದ ಮನೆತನ. ಇದಲ್ಲದೆ ಸುಂಡಿಲಿಯೂ ಇದೆ, ಮೌಸ್ ಅನ್ನುತ್ತಾರಲ್ಲ, ಅದು. ನಮ್ಮ ಕಡೆ ಎರಡಕ್ಕೂ ಇಲಿ ಅಂದುಬಿಡುತ್ತೇವೆ. ಇವತ್ತೊಂದು ದಿನ ದಯವಿಟ್ಟು ಬೇರೆ ಬೇರೆ ಇಟ್ಟುಕೊಳ್ಳಿ, ಮುಂದೆ ಅದರ ಮೇಲೇ ಕಥೆ ನಿಲ್ಲುತ್ತದೆ.

ಒಂದು ಔಷಧಿಯನ್ನು ಜನ ವರ್ಷಗಟ್ಟಲೆ ನುಂಗಬೇಕಾದರೆ ಅದರಿಂದ ಕ್ಯಾನ್ಸರ್ ಬರುತ್ತದಾ ಅಂತ ಮೊದಲು ನೋಡಬೇಕು. ಅದಕ್ಕೆ ಎರಡು ವರ್ಷದ ಪರೀಕ್ಷೆ, ಸರಿಯಾಗಿ 104 ವಾರ. ಇಲಿಯ ಲೆಕ್ಕದಲ್ಲಿ ಅದು ಮುಪ್ಪಿನವರೆಗಿನ ಆಯಸ್ಸು. ಸಾಮಾನ್ಯವಾಗಿ ನಾಲ್ಕು ಗುಂಪು: ಔಷಧಿ ಇಲ್ಲದ್ದು ಒಂದು, ಕಡಿಮೆ, ಮಧ್ಯಮ, ಜಾಸ್ತಿ ಡೋಸಿನವು ಮೂರು. ಗುಂಪಿಗೆ 50 ಗಂಡು, 50 ಹೆಣ್ಣು. ಒಟ್ಟು 400 ಇಲಿ. ಒಂದೊಂದು ಇಲಿಯಿಂದ ಸುಮಾರು 40 ಬಗೆಯ ಅಂಗಾಂಶ ತೆಗೆದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಸೀಳಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಇಡುತ್ತಾರೆ. 16 ಸಾವಿರ ತುಣುಕು. ಅದನ್ನೆಲ್ಲ ಒಬ್ಬ ಮನುಷ್ಯ ಕೂತು ನೋಡಬೇಕು. ನನ್ನ ಕುತ್ತಿಗೆ ನೋವಿನ ಮೂಲ ಅದೇ.

ಹೊಟ್ಟೆ ಸೀಳಿದಾಗ ಕರುಳಿನ ಪೊರೆಯಲ್ಲಿ ಸಾಲಾಗಿ ದುಗ್ಧಗ್ರಂಥಿಗಳು ಕಾಣುತ್ತವೆ, ಲಿಂಫ್ ನೋಡ್, ಸೋಂಕು ತಡೆಯುವ ಪುಟ್ಟ ಗ್ರಂಥಿಗಳು. ಸಾಮಾನ್ಯವಾಗಿ ಬೇಯಿಸಿದ ಅವರೆಬೇಳೆಯ ಬಣ್ಣ. ಯಾವಾಗಲೋ ಒಂದು ಇಲಿಯಲ್ಲಿ ಅದು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಊದಿಕೊಂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಳಗೆ ಸಣ್ಣ ಸಣ್ಣ ರಕ್ತದ ಕೊಳ. ಒಂದೊಂದು ಕೊಳದ ಅಂಚಿಗೂ ಚಪ್ಪಟೆ ಜೀವಕೋಶಗಳ ಒಂದೇ ಒಂದು ಸಾಲು, ಬಾವಿಗೆ ಕಟ್ಟಿದ ಕಲ್ಲಿನ ಹಾಗೆ. ಇದು ರಕ್ತನಾಳದ ನಿರುಪದ್ರವಿ ಗಂಟು, ಹೆಮಾಂಜಿಯೋಮಾ. ಆ ಕಲ್ಲುಗಳು ಒಂದರ ಮೇಲೊಂದು ರಾಶಿ ಬಿದ್ದು, ಆಕಾರ ಕೆಟ್ಟು, ಗಡಿ ದಾಟಿ ಪಕ್ಕದ ಅಂಗಾಂಶಕ್ಕೆ ನುಗ್ಗಿದ್ದರೆ ಅದು ಹೆಮಾಂಜಿಯೋಸಾರ್ಕೋಮಾ, ಕ್ಯಾನ್ಸರ್. ಇನ್ನೊಂದು ಮೋಸವೂ ಇದೆ. ಸಾಯುವಾಗ ರಕ್ತ ಸೋರಿ ಬಂದು ಗ್ರಂಥಿಯಲ್ಲಿ ನಿಂತಿರುತ್ತದೆ, ಗಂಟೇ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಂಥ ಎರಡು ಗ್ರಂಥಿಗಳನ್ನು ಹೆಮಾಂಜಿಯೋಮಾ ಅಂತ ಬರೆದುಬಿಟ್ಟೆ. ಮರು ಪರಿಶೀಲನೆಯಲ್ಲಿ ಹಿರಿಯರೊಬ್ಬರು ಆ ಗಾಜುಗಳನ್ನು ನನ್ನ ಮುಂದೆ ಇಟ್ಟು, 'ಕೊಳ ತೋರಿಸಿದೆ, ಕಟ್ಟೆ ಎಲ್ಲಿ?' ಅಂದರು. ಕಟ್ಟೆ ಇರಲಿಲ್ಲ.

ಸರಿ, ನಿಜವಾದ ಗಂಟೇ ಸಿಕ್ಕಿತು ಅಂದುಕೊಳ್ಳಿ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ, ಇದು ಕಲ್ಪನೆಯದು. ಔಷಧಿ ಇಲ್ಲದ 50 ಗಂಡು ಇಲಿಗಳಲ್ಲಿ ಒಂದಕ್ಕೆ ಗಂಟು. ಜಾಸ್ತಿ ಡೋಸ್ ತಿಂದ 50ರಲ್ಲಿ ಐದಕ್ಕೆ. ಪತ್ರಿಕೆಯವರ ಕೈಗೆ ಸಿಕ್ಕರೆ 'ಗಡ್ಡೆ ಐದು ಪಟ್ಟು' ಅಂತ ತಲೆಬರಹ. ಅದು ಸುಳ್ಳೂ ಅಲ್ಲ. ಈಗ ಜೇಬಿನಿಂದ ಒಂದು ನಾಣ್ಯ ತೆಗೆಯಿರಿ. ಒಟ್ಟು ಆರು ಗಂಟು, ಎರಡು ಸಮನಾದ ಗುಂಪು. ಔಷಧಿಗೂ ಗಂಟಿಗೂ ಸಂಬಂಧವೇ ಇಲ್ಲದಿದ್ದರೆ ಒಂದೊಂದು ಗಂಟೂ ಆ ಗುಂಪಿಗೋ ಈ ಗುಂಪಿಗೋ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ಆರು ಸಲ ಚಿಮ್ಮಿ. ಐದು ಅಥವಾ ಆರು ಸಲ ತಲೆ ಬೀಳುವ ಸಾಧ್ಯತೆ 64ರಲ್ಲಿ 7. ನೂರಕ್ಕೆ ಹತ್ತು ಹನ್ನೊಂದು. ಸುಮ್ನೆ ಅದೃಷ್ಟದಿಂದಲೇ ಇಷ್ಟು ಸಲ 'ಐದು ಪಟ್ಟು' ಬರುತ್ತದೆ!

ಇನ್ನೊಂದು ತೊಡಕು. ನೋಡುತ್ತಿರುವುದು ಬರೀ ಒಂದು ಗ್ರಂಥಿಯನ್ನಲ್ಲ. 40 ಅಂಗಾಂಶ, ಗಂಡು ಬೇರೆ, ಹೆಣ್ಣು ಬೇರೆ. ಇಷ್ಟು ಕಡೆ ಹುಡುಕಿದರೆ ಎಲ್ಲಾದರೂ ಒಂದು ಕಡೆ ಅಂಕಿ ಏರಿಯೇ ಏರುತ್ತದೆ. ಅದಕ್ಕೇ ಸಂಖ್ಯಾಶಾಸ್ತ್ರದವರು ಅಪರೂಪದ ಗಡ್ಡೆಗೆ ಒಂದು ಅಳತೆ, ಮುದಿ ಇಲಿಗಳಲ್ಲಿ ಸಾಮಾನ್ಯವಾಗಿ ಬರುವಂಥ ಗಡ್ಡೆಗೆ ಇನ್ನೂ ಬಿಗಿಯಾದ ಅಳತೆ ಇಟ್ಟುಕೊಂಡಿದ್ದಾರೆ. ಈ ಗಂಟು ಯಾವ ಜಾತಿಯದು? ಅದು ತಳಿಯ ಮೇಲೆ. ಕೆಲವು ವಿಸ್ಟರ್ ತಳಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ, ಕರುಳಿನ ಪೊರೆಯ ಗ್ರಂಥಿಯಲ್ಲಿ ಈ ಕೆಂಪು ಗಂಟು ವಯಸ್ಸಾದಾಗ ತಾನಾಗೇ ಬರುತ್ತದೆ. ಯಾವ ಔಷಧಿಯೂ ಬೇಕಿಲ್ಲ. ಮನುಷ್ಯರಲ್ಲಿ ಅದೇ ಜಾಗದಲ್ಲಿ ಇದು ತೀರಾ ಅಪರೂಪ. ಹಾಗಾಗಿ ಅದೇ ತಳಿಯಲ್ಲಿ, ಅದೇ ಲ್ಯಾಬಿನಲ್ಲಿ, ಹಿಂದಿನ ವರ್ಷಗಳ ಔಷಧಿ ತಿನ್ನದ ಇಲಿಗಳ ಕಡತ ತೆಗೆದು ನೋಡುತ್ತೇವೆ. ಒಂದು ಮನೆಯಲ್ಲಿ ಬೊಕ್ಕತಲೆ ಎಷ್ಟು ಜನಕ್ಕೆ ಅಂತ ಕೇಳುವ ಮೊದಲು ಆ ವಂಶದ ಹಳೆಯ ಫೋಟೋ ನೋಡಿದ ಹಾಗೆ. ಆದರೆ ಆ ಕಡತ ತೋರಿಸಿ ತಕ್ಷಣ ಕೈ ತೊಳೆದುಕೊಳ್ಳುವ ಅಭ್ಯಾಸವೂ ನಮ್ಮವರಲ್ಲಿದೆ. ಅದು ನನಗೆ ಹಿಡಿಸುವುದಿಲ್ಲ. ಅದೇ ಪರೀಕ್ಷೆಯಲ್ಲಿ, ಅದೇ ಕೋಣೆಯಲ್ಲಿ ಬೆಳೆದ ಗುಂಪಿನ ಜೊತೆ ಹೋಲಿಸುವುದೇ ಮೊದಲು. ಡೋಸ್ ಏರಿದ ಹಾಗೆ ಗಂಟೂ ಏರುತ್ತಿದೆಯಾ ನೋಡಬೇಕು. ನಿರುಪದ್ರವಿ ಗಂಟನ್ನೂ ಕ್ಯಾನ್ಸರನ್ನೂ ಕೂಡಿಸಿ, ಮೈಯ ಬೇರೆ ಅಂಗಗಳ ರಕ್ತನಾಳದ ಗಂಟನ್ನೂ ಸೇರಿಸಿ ಇನ್ನೊಮ್ಮೆ ಲೆಕ್ಕ ಹಾಕಬೇಕು. ಕೂಡಿಸಿದಾಗ ಉತ್ತರ ಬದಲಾಗುವುದುಂಟು.

ಅಂಕಿ ಗಟ್ಟಿಯಾಗಿ ನಿಂತ ಮೇಲೆ ನನ್ನ ಮಟ್ಟಿಗೆ ನಿಜವಾದ ಕೆಲಸ ಶುರು. ಆ ಗಂಟು ಯಾವ ದಾರಿಯಲ್ಲಿ ಬಂತು? ಆ ದಾರಿ ನಮ್ಮ ಮೈಯಲ್ಲಿ ಇದೆಯಾ?

ಪ್ರೀಗಾಬಾಲಿನ್ ಅಂತ ಒಂದು ಮಾತ್ರೆ. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿ, ಜೋಮು ಬಂದಾಗ ಕೊಡುತ್ತಾರೆ. ಈ ಸಭೆಯಲ್ಲೇ ನಾಲ್ಕೈದು ಜನರ ಮನೆಯಲ್ಲಿ ಇದ್ದೀತು. ಇದನ್ನು ಸುಂಡಿಲಿಗಳಿಗೆ ಕೊಟ್ಟಾಗ ಎರಡು ಬೇರೆ ಬೇರೆ ತಳಿಗಳಲ್ಲಿ ರಕ್ತನಾಳದ ಕ್ಯಾನ್ಸರ್ ಜಾಸ್ತಿಯಾಯಿತು. ನಿರುಪದ್ರವಿ ಗಂಟಲ್ಲ, ಕ್ಯಾನ್ಸರ್. ಅದಕ್ಕಿಂತ ತಲೆಬಿಸಿ ಏನು ಅಂದರೆ, ಗಡ್ಡೆ ಬಂದ ಅತಿ ಕಡಿಮೆ ಡೋಸಿನಲ್ಲಿ ಸುಂಡಿಲಿಯ ರಕ್ತದಲ್ಲಿದ್ದ ಔಷಧಿ ಸುಮಾರಾಗಿ ಮನುಷ್ಯ ಗರಿಷ್ಠ ಡೋಸ್ ನುಂಗಿದಾಗ ಇರುವಷ್ಟೇ. 'ನೂರು ಪಟ್ಟು ಕೊಟ್ಟಿದ್ದಕ್ಕೆ ಬಂತು ಬಿಡಿ' ಅನ್ನುವ ಹಾಗಿರಲಿಲ್ಲ. ಆದರೆ ವಿಸ್ಟರ್ ಇಲಿಗೆ ಹತ್ತಿಪ್ಪತ್ತು ಪಟ್ಟು ಏರಿಸಿದರೂ ಬರಲಿಲ್ಲ. ಇಲಿ ಬೇರೆ, ಸುಂಡಿಲಿ ಬೇರೆ ಅಂದೆನಲ್ಲ, ಅದು ಇದಕ್ಕೇ. ಯಾಕೆ ಹೀಗೆ ಅಂತ ಕೆದಕಿದರು. ಸುಂಡಿಲಿಯಲ್ಲಿ ಈ ಔಷಧಿ ಉಸಿರಾಟ ಬದಲಾಯಿಸಿ, ರಕ್ತದ ಆಮ್ಲ-ಕ್ಷಾರದ ಸಮತೋಲ ಕೆಡಿಸಿ, ಅಂಗಾಂಶಗಳಿಗೆ ಆಮ್ಲಜನಕ ಕಡಿಮೆ ಮಾಡುತ್ತದೆ. ಗಾಳಿ ಸಾಲದು ಅಂತ ಮೈ ಹೊಸ ರಕ್ತನಾಳ ಕಟ್ಟಲು ಕೂಗು ಹಾಕುತ್ತದೆ. ಮೊದಲೇ ಸುಂಡಿಲಿಯ ರಕ್ತನಾಳದ ಕೋಶಗಳು ಬೇಗ ಬೇಗ ಮರಿ ಹಾಕುವ ಜಾತಿ. ಎರಡು ವರ್ಷ ಹೀಗೆ ಕೂಗಿ ಕೂಗಿ ಗಡ್ಡೆ. ಇಲಿಯಲ್ಲಿ, ಕೋತಿಯಲ್ಲಿ ಆ ಮೊದಲ ಮೆಟ್ಟಿಲೇ ಕಾಣಲಿಲ್ಲ. ಇದು ಕಂಪನಿಯ ಕಡೆಯವರ ವಿವರಣೆ, ನನಗೆ ಒಪ್ಪಿಗೆ. ಆದರೂ ಅಮೆರಿಕದಲ್ಲಿ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಸುಂಡಿಲಿಯ ವಿಷಯ ಬರೆದು, ಇದರಿಂದ ಮನುಷ್ಯರಿಗೆ ಏನರ್ಥ ಅನ್ನುವುದು ತಿಳಿದಿಲ್ಲ ಅಂತಲೇ ಹೇಳಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ನುಂಗುತ್ತಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸುವ ಮಾತ್ರೆಯೂ ಅಲ್ಲ ಅದು.

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. ಬಣ್ಣ, ಕ್ಲೀನರ್‌ಗಳಲ್ಲಿ ಹಾಕುವ ಬ್ಯೂಟಾಕ್ಸಿಎಥನಾಲ್. ಗಂಡು ಸುಂಡಿಲಿಯ ಯಕೃತ್ತಿನಲ್ಲಿ ಇದೇ ಕ್ಯಾನ್ಸರ್ ತಂದಿತು. ಅಲ್ಲಿನ ದಾರಿ ಹೀಗೆ: ಕೆಂಪು ರಕ್ತಕಣ ಒಡೆಯುತ್ತದೆ, ಅದರ ಕಬ್ಬಿಣ ಯಕೃತ್ತಿನಲ್ಲಿ ಶೇಖರವಾಗಿ ತುಕ್ಕಿನ ಹಾಗೆ ಕೋಶಗಳನ್ನು ಕೊರೆಯುತ್ತದೆ. ಇಲಿ, ಸುಂಡಿಲಿಗಳ ರಕ್ತಕಣ ಇದಕ್ಕೆ ಸುಲಭವಾಗಿ ಒಡೆಯುತ್ತದೆ. ಮನುಷ್ಯನ ರಕ್ತಕಣ ಗಟ್ಟಿ ಪಿಂಡ, ಅಷ್ಟು ಸುಲಭಕ್ಕೆ ಜಗ್ಗಲ್ಲ. 2004ರಲ್ಲಿ ಅಮೆರಿಕ ಇದನ್ನು ಅಪಾಯಕಾರಿ ವಾಯುಮಾಲಿನ್ಯಕಾರಕಗಳ ಪಟ್ಟಿಯಿಂದ ತೆಗೆಯಿತು.

ಇಷ್ಟು ಕೇಳಿ 'ಓ, ಇಲಿ ಕಥೆಗೆಲ್ಲ ಹೆದರಬೇಕಿಲ್ಲ' ಅಂತ ನಿರಾಳ ಆಗಿಬಿಟ್ಟಿರಾ? ಹಾಗಾದರೆ ಇದನ್ನೂ ಕೇಳಿ. ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಅಲ್ಲಿಂದ ಹೊಲದವರೆಗೆ ಪಿವಿಸಿ ಪೈಪು. ಆ ಪಿವಿಸಿ ಆಗುವುದು ವಿನೈಲ್ ಕ್ಲೋರೈಡ್ ಅನ್ನುವ ಅನಿಲದಿಂದ. ಒಂದು ಕಾಲದಲ್ಲಿ ಅದನ್ನು ಸಾಧು ಅನಿಲ ಅಂದುಕೊಂಡಿದ್ದರು. ದೊಡ್ಡ ಕೊಪ್ಪರಿಗೆಗಳಲ್ಲಿ ಅನಿಲ ಬೆಂದು ಪ್ಲಾಸ್ಟಿಕ್ ಆದ ಮೇಲೆ ಗೋಡೆಗೆ ಅಂಟಿದ್ದನ್ನು ಕೆರೆಯಲು ಕೂಲಿಯವರು ಒಳಗೆ ಇಳಿಯುತ್ತಿದ್ದರು. ಇಟಲಿಯ ಬೊಲೋನ್ಯಾದಲ್ಲಿ ಚೆಸಾರೆ ಮಾಲ್ತೋನಿ ಅನ್ನುವ ವಿಜ್ಞಾನಿ ಇಲಿಗಳು ಈ ಅನಿಲವನ್ನು ಉಸಿರಾಡುವ ಹಾಗೆ ಮಾಡಿ ನೋಡುತ್ತಿದ್ದರು. ಇಲಿಗಳ ಯಕೃತ್ತಿನಲ್ಲಿ ರಕ್ತನಾಳದ ಕ್ಯಾನ್ಸರ್ ಬಂತು. ಮನುಷ್ಯರಲ್ಲಿ ಇದು ಎಷ್ಟು ಅಪರೂಪ ಅಂದರೆ ಬಹಳಷ್ಟು ಡಾಕ್ಟರುಗಳು ಇಡೀ ವೃತ್ತಿಯಲ್ಲಿ ಒಂದನ್ನೂ ನೋಡಿರುವುದಿಲ್ಲ. 1974ರ ಜನವರಿಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಿಂದ ಸುದ್ದಿ ಬಂತು. ಒಂದೇ ಕಾರ್ಖಾನೆಯ ಹಲವು ಕೆಲಸಗಾರರಿಗೆ ಅದೇ ಅಪರೂಪದ ಕ್ಯಾನ್ಸರ್. ಅದೇ ಅಂಗ, ಅದೇ ಕೋಶ. ಇಲಿ ಮೊದಲೇ ಹೇಳಿತ್ತು.

ಅಲ್ಲಿ ದಾರಿ ಯಾವುದು? ಯಕೃತ್ತು ಆ ಅನಿಲವನ್ನು ಒಡೆದು ಹೊರಹಾಕಲು ಹೋಗಿ ಇನ್ನೂ ಚುರುಕಾದ ಒಂದು ರಾಸಾಯನಿಕ ಮಾಡುತ್ತದೆ. ಅದು ಹೋಗಿ ಡಿಎನ್‌ಎಗೆ ಅಂಟುತ್ತದೆ. ಇಲಿಯ ಯಕೃತ್ತೂ ಹಾಗೇ ಮಾಡುತ್ತದೆ, ನಮ್ಮದೂ ಹಾಗೇ. ಇಲ್ಲಿ ರಕ್ತಕಣ ಗಟ್ಟಿ, ಉಸಿರಾಟ ಬೇರೆ ಅನ್ನುವ ತಪ್ಪಿಸಿಕೊಳ್ಳುವ ಗಲ್ಲಿ ಇಲ್ಲ. ಅಮೆರಿಕದಲ್ಲಿ ಕಾರ್ಖಾನೆಯ ಗಾಳಿಯಲ್ಲಿ ದಶಲಕ್ಷಕ್ಕೆ 500 ಭಾಗ ಇರಬಹುದು ಅಂತಿದ್ದ ಮಿತಿಯನ್ನು 1 ಭಾಗಕ್ಕೆ ಇಳಿಸಿದರು. 500 ಎಲ್ಲಿ, 1 ಎಲ್ಲಿ! ಪೈಪ್ ಅಂದ ತಕ್ಷಣ ಕೆಲವರ ಮುಖ ಸಪ್ಪಗಾಯಿತು. ತಯಾರಾದ ಪೈಪು ಆ ಅನಿಲ ಅಲ್ಲ. ಅಪಾಯ ಇದ್ದದ್ದು ಕೊಪ್ಪರಿಗೆಯೊಳಗೆ ಇಳಿದವನಿಗೆ.

ಹಾಗಾಗಿ ಗಂಟು ಒಂದೇ ಥರ ಕಂಡರೂ ಅದಕ್ಕೆ ಒಂದೇ ಉತ್ತರ ಇಲ್ಲ. ಡಿಎನ್‌ಎಗೆ ಏಟು ಕೊಡುವ ವಸ್ತುವಾದರೆ ನಿರುಪದ್ರವಿ ಗಂಟು ಕಂಡರೂ ನನಗೆ ಭಯ. ಡಿಎನ್‌ಎಗೆ ಏಟು ಬೀಳುತ್ತದಾ ಅನ್ನುವ ಪರೀಕ್ಷೆಗಳಲ್ಲಿ ಔಷಧಿ ಪಾಸಾಗಿ, ಬರೀ ಗಂಡು ವಿಸ್ಟರ್‌ನ ಒಂದು ಗ್ರಂಥಿಯಲ್ಲಿ, ತೀರಾ ಮೇಲಿನ ಡೋಸಿನಲ್ಲಿ, ಮುದಿ ವಯಸ್ಸಲ್ಲಿ ನಾಲ್ಕು ಗಂಟು ಜಾಸ್ತಿ ಬಂದರೆ ನಾನು ರಾತ್ರಿ ನಿದ್ದೆ ಮಾಡುತ್ತೇನೆ. ಹೊಲಕ್ಕೆ ಹೊಡೆಯುವ ಔಷಧಿಗಳಿಗೂ ಇಲಿಯ ಪರೀಕ್ಷೆ ಇದೆ. ಅಲ್ಲಿ ಇಲಿಗೆ ಯಾವ ತೊಂದರೆಯೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಮನುಷ್ಯನ ದಿನದ ಮಿತಿ ಗೊತ್ತುಮಾಡುತ್ತಾರೆ. ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯರಲ್ಲೇ ಗಟ್ಟಿಮುಟ್ಟಾದವನಿಗೂ ಎಳೆಗೂಸಿಗೂ ಇರುವ ವ್ಯತ್ಯಾಸಕ್ಕೆ ಹತ್ತು. ಅದು ಟೊಮೆಟೊ ತಿನ್ನುವವರ ಲೆಕ್ಕ. ಬರಿಗೈಯಲ್ಲಿ ಔಷಧಿ ಕಲಸುವವನನ್ನು ಆ ಲೆಕ್ಕ ಕಾಯುವುದಿಲ್ಲ.

ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹೆಣ್ಣುಮಗಳೊಬ್ಬರು ಸ್ಕ್ಯಾನ್ ರಿಪೋರ್ಟ್ ತಂದಿದ್ದರು. ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ 'ಲಿವರ್‌ನಲ್ಲಿ ಹೆಮಾಂಜಿಯೋಮಾ' ಅಂತ ಬರೆದಿದ್ದಾರೆ, ಮೂರು ವಾರದಿಂದ ಊಟ ಸೇರುತ್ತಿಲ್ಲ ಅಂದರು. ಅಮ್ಮಾ, ಮನುಷ್ಯರ ಯಕೃತ್ತಿನಲ್ಲಿ ಕಾಣುವ ನಿರುಪದ್ರವಿ ಗಂಟುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಅದೇ. ಹೆಚ್ಚಿನವರಿಗೆ ಅದು ಇದೆ ಅಂತ ಗೊತ್ತೇ ಆಗುವುದಿಲ್ಲ. ಅದು ಕ್ಯಾನ್ಸರಾಗಿ ತಿರುಗುವ ಗಂಟಲ್ಲ. ನಾನು ಪಶುವೈದ್ಯ, ನಿಮ್ಮ ರಿಪೋರ್ಟನ್ನು ನಿಮ್ಮ ಡಾಕ್ಟರೇ ನೋಡಬೇಕು. ಆದರೆ ಇವತ್ತು ರಾತ್ರಿ ಊಟ ಮಾಡಿ. ಕೂಸುಗಳ ಮೈಮೇಲೆ ಸ್ಟ್ರಾಬೆರಿಯ ಹಾಗೆ ಉಬ್ಬಿ ಬರುತ್ತದಲ್ಲ, ಅದೂ ರಕ್ತನಾಳದ ಗಂಟೇ. ಮೊದಲ ವರ್ಷ ಬೆಳೆದು ಆಮೇಲೆ ಮೆಲ್ಲಗೆ ಕುಗ್ಗುತ್ತದೆ. ಕಣ್ಣಿನ ಹತ್ತಿರವೋ ಉಸಿರಿನ ದಾರಿಯಲ್ಲೋ ಇದ್ದರೆ ಮಾತ್ರ ಕಾಯಬಾರದು. 2008ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ಡಾಕ್ಟರುಗಳು ಒಂದು ವಿಚಿತ್ರ ಬರೆದರು. ಹೃದಯದ ತೊಂದರೆಗೆ ಅಂತ ಮಗುವಿಗೆ ಪ್ರೊಪ್ರನೊಲಾಲ್ ಕೊಟ್ಟರೆ ಮುಖದ ಗಂಟು ಬಣ್ಣ ಕಳೆದುಕೊಂಡು ಮೆತ್ತಗಾಯಿತು. ಬಿಪಿಗೆ ಕೊಡುವ ಹಳೆಯ ಮಾತ್ರೆ! ಈಗ ಅದೇ ಮುಖ್ಯ ಚಿಕಿತ್ಸೆ. ಅದನ್ನು ಯಾವ ಇಲಿಯೂ ಹೇಳಿಕೊಟ್ಟಿದ್ದಲ್ಲ. ಮಗುವಿನ ಮುಖವನ್ನು ಯಾರೋ ಸರಿಯಾಗಿ ನೋಡಿದರು, ಅಷ್ಟೇ.

ಕೊನೆಗೆ ಒಬ್ಬ ಹುಡುಗ ಕೇಳಿದ, 'ಸರ್, ಪರೀಕ್ಷೆ ಮುಗಿದ ಮೇಲೆ ಆ ಇಲಿ ಏನಾಗುತ್ತದೆ?' ಇಲಿ ಇರುವುದಿಲ್ಲ. ಮೇಣದ ತುಂಡುಗಳು ಮತ್ತು ಗಾಜುಗಳು ಇರುತ್ತವೆ. ವರ್ಷಗಟ್ಟಲೆ, ಒಂದೊಂದರ ಮೇಲೂ ನಂಬರ್ ಬರೆದು, ತಂಪು ಕೋಣೆಯಲ್ಲಿ ಇಟ್ಟಿರುತ್ತಾರೆ. ನಾಳೆ ಯಾರಾದರೂ ಬಂದು ನಾನು ಬರೆದದ್ದು ತಪ್ಪು ಅಂದರೆ ಅದೇ ಗಾಜನ್ನು ತೆಗೆದು ಮತ್ತೆ ನೋಡಬೇಕಲ್ಲ. ಕಟ್ಟೆ ಇಲ್ಲದ ಕೊಳ ಅಂತ ನಾನು ಬೈಸಿಕೊಂಡ ಆ ಎರಡು ಗ್ರಂಥಿಗಳೂ ಅಲ್ಲೇ ಯಾವುದೋ ಡ್ರಾಯರಿನಲ್ಲಿ ಇರಬೇಕು.